ಕೆರೆಗೆ ಸುತ್ತ ಗೋಡೆ ಕಟ್ಟುತ್ತಾರಂತೆ, ಗುಡ್ಡೆಯಿಂದ ಬರುವ ಮಣ್ಣಿಗೆ ಏನು ಮಾಡುವುದು?

ಕೆರೆಬದಿಮನೆ

ಉಡುಪಿ, ಮಂಗಳೂರು ಕಡೆಯ ಗೊತ್ತಿದ್ದವರು ಯಾರಾದರೂ ಹೇಳಿ. ಉಡುಪಿ ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಂಗಳ ದಾಟಿದರೆ ಕೆರೆ, ಅಂದಾಜು ಮೂರು ಎಕರೆ ಇರಬಹುದು. ಊರಿನ ಹೆಸರು ಹಾಕುವುದಿಲ್ಲ, ಎಲ್ಲರೂ ಪರಿಚಯದವರೇ, ಸುಮ್ನೆ ನಿಷ್ಠುರ ಯಾಕೆ.

ಕೆರೆಯ ಮೇಲ್ಗಡೆ ಒಂದು ಪದವು, ಅಂದರೆ ಗುಡ್ಡೆಯ ಮೇಲಿನ ಬಯಲು ಇತ್ತು. ಮುಳಿಹುಲ್ಲು, ಕುಂಟಾಲ, ಕೇಪಳ, ಮಧ್ಯೆ ಮಧ್ಯೆ ಕಪ್ಪು ಪಾರೆ. ದನ ಬಿಡುವವರು ಬಿಟ್ಟರೆ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಈಗ ಹಿಟಾಚಿ ಇಳಿಸಿ, ಮಟ್ಟ ಮಾಡಿ ಲೇಔಟ್ ಮಾಡಿದ್ದಾರೆ. ಮನೆ ಕಟ್ಟಲು ಜಾಗದ ಕನ್ವರ್ಷನ್ ಆಗಿದೆ, ಪಂಚಾಯತ್‌ನ 9/11 ಖಾತೆ ಆಗಿದೆ, ಕಾಗದಪತ್ರ ಎಲ್ಲ ಸರಿ ಉಂಟಂತೆ. ಆದರೆ ಅಗೆದ ಮಣ್ಣನ್ನು ಇಳಿಜಾರಿನ ಬದಿಗೆ ದೂಡಿ ಹಾಗೇ ಬಿಟ್ಟರು. ಈ ಮಳೆಗಾಲದಲ್ಲಿ ಅದೆಲ್ಲ ಕೆರೆಗೆ ಬಂತು. ಜೂನ್‌ನಿಂದ ಕೆರೆ ನೀರು ತಿಳಿಯಾದದ್ದೇ ಇಲ್ಲ.

ಗುಡ್ಡೆಯಿಂದ ನೀರು ಬರುವ ತೋಡು (ಸಣ್ಣ ಹಳ್ಳ) ಮೊದಲು ಮನುಷ್ಯ ಇಳಿದು ನಡೆಯುವಷ್ಟು ಅಗಲ ಇತ್ತು. ಲೇಔಟಿನ ರಸ್ತೆ ಅದನ್ನು ದಾಟುವಲ್ಲಿ ಒಂದೇ ಒಂದು ಸಿಮೆಂಟ್ ಪೈಪ್ ಇಟ್ಟು ಮೇಲೆ ಮಣ್ಣು ಹಾಕಿದ್ದಾರೆ. ಜುಲೈಯಲ್ಲಿ ನೋಡಲು ಹೋದರೆ ಪೈಪಿನ ಬಾಯಿಗೆ ಥರ್ಮಾಕೋಲ್ ಹಲಗೆ, ನೀರಿನ ಬಾಟ್ಲಿ, ಒಂದು ಹಳೆಯ ದಿಂಬು ಸಿಕ್ಕಿಕೊಂಡು, ನೀರು ರಸ್ತೆಯ ಮೇಲಿಂದಲೇ ಹಾದು ಕೆಳಗಿನ ಮನೆಯವರ ಅಂಗಳಕ್ಕೆ ನುಗ್ಗುತ್ತಿತ್ತು. ಅವರು ಕೋಲು ಹಿಡಿದು ದಿಂಬು ಎಳೆಯುತ್ತಿದ್ದರು.

ಇನ್ನೊಂದು ಕಡೆ ಬಾವಿ ನೀರು. ಮೊದಲು ಮೇ ಕೊನೆಯ ಪತ್ತನಾಜೆವರೆಗೂ ಚಿಂತೆ ಇರಲಿಲ್ಲ. ಈಗ ಏಪ್ರಿಲ್ ಕೊನೆಗೇ ಪಂಪು ಗಾಳಿ ಎಳೆಯುತ್ತದೆ. ಮಳೆ ಕಡಿಮೆ ಆಗಿದೆಯಾ ಅಂದರೆ ಹಾಗೂ ಅಲ್ಲ, ಬಂದಾಗ ಹೊಡೆದು ಹಾಕುವಷ್ಟು ಬರುತ್ತದೆ.

ಇಷ್ಟರ ನಡುವೆ ಈಗ 'ಕೆರೆ ಅಭಿವೃದ್ಧಿ'. ಸುತ್ತ ಕಾಂಕ್ರೀಟ್ ಗೋಡೆ, ಇಂಟರ್‌ಲಾಕ್ ಹಾಕಿದ ವಾಕಿಂಗ್ ದಾರಿ, ದೀಪದ ಕಂಬ, ನಡುವೆ ಕಾರಂಜಿ. ಊರಲ್ಲಿ ಹೆಚ್ಚಿನವರಿಗೆ ಖುಷಿ. ನಾನು ಬಾಯಿ ತೆರೆದರೆ 'ನಿಮಗೆ ಊರು ಮುಂದೆ ಬರುವುದು ಬೇಡ ಅಲ್ವಾ ಅಕ್ಕ' ಅಂತ ಕೇಳುತ್ತಾರೆ. ಈ ಗೋಡೆಯಿಂದ ಒಳ್ಳೆಯದಾಗುತ್ತದಾ? ಆಗದಿದ್ದರೆ ಯಾರ ಹತ್ತಿರ ಹೇಳುವುದು, ಹೇಗೆ ಹೇಳುವುದು? ಕೆರೆಯಿಂದ ಇಷ್ಟು ದೂರ ಕಟ್ಟಬಾರದು ಅಂತ ಕಾನೂನು ಉಂಟಂತೆ, ಅದು ನಮಗೆ ಸಿಗುತ್ತದಾ?

ಪರಂಬೋಕು

ಅಕ್ಕ, ಗೋಡೆ ಬೇಕಾ ಬೇಡವಾ ಅನ್ನುವ ಚರ್ಚೆಗೆ ಈಗಲೇ ಇಳಿಯಬೇಡಿ. ಮೊದಲು ಕೆರೆ ಯಾರದ್ದು ಅಂತ ನೋಡಿ. ನಮ್ಮ ಎರಡು ಜಿಲ್ಲೆಗಳಲ್ಲಿ ಇದೇ ದೊಡ್ಡ ತಲೆನೋವು. ಕೆಲವು ಕೆರೆ ಪರಂಬೋಕು, ಅಂದರೆ ಸರ್ಕಾರದ ಸಾರ್ವಜನಿಕ ಜಾಗ, ಕೆಲವು ದೇವಸ್ಥಾನದ್ದು, ಇನ್ನು ಕೆಲವು ಯಾರದ್ದೋ ವರ್ಗ ಜಾಗದ (ಖಾಸಗಿ ಪಟ್ಟಾ ಜಾಗದ) ಒಳಗೇ ಉಂಟು. ಫೋನಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಕೆರೆ ಬದಿಯಲ್ಲಿ ನಿಂತರೆ ಸರ್ವೆ ನಂಬ್ರ ಬರುತ್ತದೆ. ಆ ನಂಬ್ರದ ಪಹಣಿ ತೆಗೆಯಿರಿ, 9ನೇ ಕಾಲಂನಲ್ಲಿ ಹೆಸರು ಇರುತ್ತದೆ. ದಿಶಾಂಕ್ ಅಂದಾಜಿಗೆ ಮಾತ್ರ, ಗಡಿ ಜಗಳಕ್ಕೆ ಅದು ನಿಲ್ಲುವುದಿಲ್ಲ. ಅದಕ್ಕೆ ಸರ್ವೆ ಇಲಾಖೆಯಿಂದ ಎಫ್‌ಎಂಬಿ, ಅಂದರೆ ಪ್ರತಿ ಸರ್ವೆ ನಂಬ್ರದ ಅಳತೆ ಇರುವ ನಕ್ಷೆಯ ಪ್ರತಿ ಬೇಕು. ನಮ್ಮದು ಮದ್ರಾಸ್ ಸರ್ಕಾರದ ಕಾಲದ ಸರ್ವೆ, ಹಳೆಯ ನಕ್ಷೆಯಲ್ಲಿ ಕೆರೆಯ ಜೊತೆಗೆ ತೋಡನ್ನೂ ಗುರುತಿಸಿರುವುದು ಹೆಚ್ಚು.

ತೋಡನ್ನು ನೋಡಲು ಮರೆಯಬೇಡಿ. ಎಲ್ಲರೂ ಕೆರೆಯ ಅಂಚು ಅಳೆಯುತ್ತಾರೆ. ಕೆರೆಗೆ ನೀರು ತರುವ ತೋಡು ಹತ್ತು ಅಡಿಯಿಂದ ಎರಡು ಅಡಿಗೆ ಬಂದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಆ ಪೈಪ್ ಇರುವ ಜಾಗ ನಕ್ಷೆಯಲ್ಲಿ ತೋಡು ಪರಂಬೋಕು ಅಂತ ಇದ್ದರೆ ನಿಮ್ಮ ಕೇಸು ತುಂಬ ಗಟ್ಟಿ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಸೆಕ್ಷನ್ ಪ್ರಕಾರ, ಯಾರ ಹಕ್ಕು ಅಂತ ಸಾಬೀತಾಗದ ಕೆರೆ, ತೋಡು, ಹಳ್ಳ ಎಲ್ಲ ಸರ್ಕಾರದ್ದು. ಒತ್ತುವರಿ ಬಿಡಿಸಲು 104ನೇ ಸೆಕ್ಷನ್, ಸರ್ಕಾರಿ ಜಾಗ ಒತ್ತುವರಿ ಮಾಡಿದವರ ಮೇಲೆ ಕ್ರಿಮಿನಲ್ ಕೇಸಿಗೆ 192ಎ ಉಂಟು.

ಕೆರೆ ಕಾಮಗಾರಿಯ ಎಸ್ಟಿಮೇಟ್ ಮತ್ತು ಡ್ರಾಯಿಂಗ್‌ಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. 'ಯಾಕೆ ಮಾಡುತ್ತೀರಿ' ಅಂತ ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. 'ಈ ದಾಖಲೆಯ ಪ್ರತಿ ಕೊಡಿ' ಅಂತ ಮಾತ್ರ ಕೇಳಿ.

ವಾಕಿಂಗ್‌ಪಾರ್ಟಿ

ನನಗೆ ಅರ್ಥವಾಗದ್ದು ಒಂದೇ. ಮಣಿಪಾಲದ ಮಣ್ಣಪಳ್ಳದಲ್ಲಿ ವಾಕಿಂಗ್ ದಾರಿ ಇಲ್ವಾ? ಬೆಳಿಗ್ಗೆ ಎಷ್ಟು ಜನ ಬರುತ್ತಾರೆ ನೋಡಿ. ಜನ ಬಂದರೆ ಕಸ ಹಾಕುವುದು ಕಡಿಮೆಯಾಗುತ್ತದೆ, ಒತ್ತುವರಿ ಮಾಡಲು ಹೆದರುತ್ತಾರೆ. ನಮ್ಮ ಊರಲ್ಲಿ ಯಾರೂ ಹೋಗದ ಒಂದು ಕೆರೆ ಕೋಳಿ ಅಂಗಡಿಯ ಗೋಣಿಚೀಲ ಎಸೆಯುವ ಜಾಗ ಆಗಿದೆ. ದಾರಿಯೇ ಬೇಡ ಅನ್ನುವುದು ಜಾಸ್ತಿ ಆಯಿತು.

ಶಿಲೆಕಲ್ಲು

ನಾನು ಸೈಟಿನಲ್ಲಿ ಕೆಲಸ ಮಾಡುವವನು, ಗೋಡೆ ಕಟ್ಟಿಸಿಯೇ ಹೊಟ್ಟೆ ಹೊರೆಯುವುದು. ಆದರೂ ಹೇಳುತ್ತೇನೆ, ಸುತ್ತ ಗೋಡೆ ಬೇಡ. ವಾಕಿಂಗ್ ದಾರಿಗೆ ನನ್ನ ವಿರೋಧ ಇಲ್ಲ. ಮಣ್ಣಪಳ್ಳದಲ್ಲಿ ಸುತ್ತ ಜಾಗ ಉಂಟು, ದಾರಿಗೂ ನೀರಿಗೂ ನಡುವೆ ಮರಗಿಡ ಉಂಟು. ಮೂರು ಎಕರೆ ಕೆರೆಯಲ್ಲಿ ದಾರಿ ಎಲ್ಲಿಂದ ಬರುತ್ತದೆ? ಕೆರೆಯ ಒಳಗಿಂದಲೇ. ಗೋಡೆಯನ್ನು ನೀರಿನ ಕಡೆಗೆ ಸರಿಸಿ, ಹಿಂದೆ ಮಣ್ಣು ತುಂಬಿ, ಮೇಲೆ ಇಂಟರ್‌ಲಾಕ್ ಹಾಕುತ್ತಾರೆ. ಕೆಲಸ ಮುಗಿಯುವಾಗ ಕೆರೆಯೇ ಸಣ್ಣದಾಗಿರುತ್ತದೆ.

ನಮ್ಮ ಕಡೆಯ ನೆಲ ಹೇಗಿದೆ ಅಂತ ಸ್ವಲ್ಪ ಹೇಳಬೇಕು. ಮೇಲೆ ಕೆಂಪುಕಲ್ಲು, ಅದರ ತುಂಬ ತೂತು. ಕೆಳಗೆ ಶೇಡಿ ಮಣ್ಣು, ನೀರನ್ನು ಸುಲಭಕ್ಕೆ ಇಳಿಯಲು ಬಿಡದ ಮೆತ್ತನೆಯ ಜೇಡಿಯಂಥದ್ದು. ಪದವಿನ ಮೇಲೆ ಬಿದ್ದ ಮಳೆ ಕೆಂಪುಕಲ್ಲಿನ ಒಳಗೆ ಇಳಿದು, ಶೇಡಿ ಸಿಕ್ಕಿದಲ್ಲಿ ಅಡ್ಡ ತಿರುಗಿ, ಗುಡ್ಡೆಯ ಬುಡದಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಮಳೆಗಾಲದಲ್ಲಿ ತೋಡಿನ ನೀರು ಕೆರೆ ತುಂಬಿಸುತ್ತದೆ, ಸರಿ. ಆದರೆ ದೀಪಾವಳಿ ಕಳೆದ ಮೇಲೆ ಕೆರೆ ಬದುಕುವುದು ಆ ಒರತೆಯಿಂದ. ನಿಮ್ಮ ಬಾವಿಯೂ ಅದನ್ನೇ ಕುಡಿಯುವುದು. ಪದವು ಕೆತ್ತಿ, ರಸ್ತೆ ಹಾಕಿ, ಅಂಗಳಕ್ಕೆಲ್ಲ ಕಾಂಕ್ರೀಟ್ ಮಾಡಿದರೆ ಒಳಗೆ ಇಳಿಯಬೇಕಾದ ನೀರು ಮೇಲಿಂದಲೇ ಓಡುತ್ತದೆ. ಅದೇ ನೀರು ಜುಲೈಯಲ್ಲಿ ಕೆಳಗಿನ ಮನೆಯವರ ಅಂಗಳಕ್ಕೆ ನುಗ್ಗುತ್ತದೆ, ಏಪ್ರಿಲ್‌ನಲ್ಲಿ ನಿಮ್ಮ ಬಾವಿಗೆ ಇರುವುದಿಲ್ಲ.

ಲೆಕ್ಕ ಮಾಡಿ ನೋಡಿ. ಒಂದು ಎಕರೆ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ನಾಲ್ಕು ಲಕ್ಷ ಲೀಟರ್. ಲೇಔಟ್ ಐದು ಎಕರೆ ಅಂತ ಇಟ್ಟುಕೊಂಡರೂ ಇಪ್ಪತ್ತು ಲಕ್ಷ ಲೀಟರ್ ಆಯಿತು. 100 ಮಿಲಿಮೀಟರ್ ನಮ್ಮಲ್ಲಿ ಏನೂ ದೊಡ್ಡದಲ್ಲ. ಹವಾಮಾನ ಇಲಾಖೆ 'ಅತಿ ಭಾರಿ' ಅನ್ನುವುದೇ 115 ಮಿಲಿಮೀಟರ್ ದಾಟಿದ ಮೇಲೆ. ಇಷ್ಟು ನೀರನ್ನು ಒಂದು ಪೈಪಿನಲ್ಲಿ ಬಿಡುತ್ತೇವೆ ಅಂದವರು ಲೆಕ್ಕ ಹಾಕಲೇ ಇಲ್ಲ ಅಂತ ಅರ್ಥ. ಅಲ್ಲಿಗೆ ಬಾಕ್ಸ್ ಕಲ್ವರ್ಟ್, ಅಂದರೆ ಚೌಕ ಬಾಯಿಯ ಕಾಂಕ್ರೀಟ್ ಮೋರಿ ಬೇಕು, ತೋಡಿನ ಪೂರ್ತಿ ಅಗಲಕ್ಕೆ.

ಗೋಡೆಯ ವಿಷಯಕ್ಕೆ ಬರುತ್ತೇನೆ. ಗುಡ್ಡೆ ಬದಿಗೆ ಆರ್‌ಸಿಸಿ ಗೋಡೆ ಕಟ್ಟಿದರೆ ಒರತೆಯ ಬಾಯಿ ಮುಚ್ಚಿದ ಹಾಗೆ. ನೀರು ಹೊರಬರಲು ಗೋಡೆಯಲ್ಲಿ ವೀಪ್ ಹೋಲ್ (ತೂತು) ಇಡುತ್ತೇವೆ ಅನ್ನುತ್ತಾರೆ, ಹಿಂದೆ ಜಲ್ಲಿ ಹಾಕದಿದ್ದರೆ ಎರಡು ಮಳೆಗಾಲಕ್ಕೆ ಅದು ಮಣ್ಣು ತುಂಬಿ ಬಂದ್. ಆಮೇಲೆ ಗೋಡೆಯ ಹಿಂದೆ ನೀರಿನ ಒತ್ತಡ ಏರಿ ಗೋಡೆಯೇ ವಾಲುತ್ತದೆ. ರಸ್ತೆ ಇರುವ ಬದಿಗೆ ಗೋಡೆ ಬೇಕಾಗಬಹುದು, ವಾಹನ ಹೋಗುತ್ತದಲ್ಲ. ಶೇಡಿ ಕಾಣಿಸುವ ಕಡೆಗೂ ಏನಾದರೂ ಆಧಾರ ಬೇಕು, ಅದು ನೀರು ಕುಡಿದರೆ ಜಾರುತ್ತದೆ. ಉಳಿದ ಕಡೆ ಇಳಿಜಾರು ಬಿಟ್ಟು, ಸಿಮೆಂಟ್ ಇಲ್ಲದೆ ಶಿಲೆಕಲ್ಲು ಜೋಡಿಸಿ ಪಿಚಿಂಗ್ ಮಾಡಿ, ನಡುವೆ ಲಾವಂಚ, ಅಂಚಿಗೆ ಕೇದಗೆ ನೆಟ್ಟರೆ ಸಾಕು. ಖರ್ಚೂ ಕಡಿಮೆ. ಖರ್ಚು ಕಡಿಮೆ ಆಗುವುದೇ ಕೆಲವರಿಗೆ ತೊಂದರೆ, ಅದು ಬೇರೆ ಮಾತು.

ಎಸ್ಟಿಮೇಟ್ ಕೈಗೆ ಬಂದರೆ ಹೂಳೆತ್ತುವ ಲೆಕ್ಕವನ್ನು ಮೊದಲು ನೋಡಿ. ಕೆಲಸ ಶುರುವಾಗುವ ಮುಂಚೆ ಕೆರೆ ತಳದ ಲೆವೆಲ್ ತೆಗೆದಿದ್ದಾರಾ? ತೆಗೆಯದಿದ್ದರೆ ಎಷ್ಟು ಹೂಳು ಎತ್ತಿದರು ಅಂತ ಆಮೇಲೆ ದೇವರಿಗೂ ಗೊತ್ತಾಗುವುದಿಲ್ಲ. ಮೂರು ಎಕರೆಯಲ್ಲಿ ಒಂದು ಅಡಿ ಹೂಳು ಅಂದರೆ 37 ಲಕ್ಷ ಲೀಟರ್ ನೀರಿನ ಜಾಗ, ಸಣ್ಣ ವಿಷಯ ಅಲ್ಲ. ಎತ್ತಿದ ಹೂಳನ್ನು ದಂಡೆಯಲ್ಲೇ ರಾಶಿ ಹಾಕಲು ಬಿಡಬೇಡಿ, ಜೂನ್‌ನಲ್ಲಿ ಪುನಃ ಕೆರೆಗೇ ಬರುತ್ತದೆ. ತೋಟದವರು ತೆಂಗಿನ ಬುಡಕ್ಕೆ ಒಯ್ಯುತ್ತಾರೆ, ಕೇಳಿ ನೋಡಿ. ತೋಡು ಕೆರೆಗೆ ಸೇರುವ ಮುಂಚೆ ಒಂದು ಹೂಳುಗುಂಡಿ ಮಾಡಿಸಿ. ನೀರು ಅಲ್ಲಿ ನಿಧಾನವಾಗಿ ಮಣ್ಣು ಕೆಳಗೆ ಕೂರುತ್ತದೆ, ವರ್ಷಕ್ಕೊಮ್ಮೆ ಅದನ್ನು ಮಾತ್ರ ತೆಗೆದರೆ ಆಯಿತು. ಕಾರಂಜಿಯ ದುಡ್ಡು ಇದಕ್ಕೆ ಧಾರಾಳ ಸಾಕು.

ಬೈಲುಗದ್ದೆ

ಎಲ್ಲರೂ ಕೆರೆ ಕೆರೆ ಅಂತ ಬರೆಯುತ್ತೀರಿ. ಕೆರೆಯ ಕೆಳಗಿನ ಬೈಲಿನ, ಅಂದರೆ ತಗ್ಗಿನ ಗದ್ದೆಗಳ ಬಗ್ಗೆ ಒಬ್ಬರಾದರೂ ಕೇಳಿದ್ದೀರಾ ಮಾರಾಯ್ರೆ?

ನಮ್ಮ ಅಪ್ಪನ ಕಾಲದಲ್ಲಿ ಏಣೇಲು (ಮಳೆಗಾಲದ್ದು), ಸುಗ್ಗಿ (ಮಳೆ ನಿಂತ ಮೇಲಿನದ್ದು), ಕೊಳಕೆ (ಬೇಸಿಗೆಯದ್ದು) ಅಂತ ಭತ್ತದ ಮೂರು ಬೆಳೆ ಇತ್ತು. ಮಳೆ ನಿಂತ ಮೇಲಿನ ಬೆಳೆಗೆ ಕೆರೆ ನೀರು ಬೇಕು. ಹಾಗಾಗಿ ಕೆರೆ ತೋಡು ಶುಚಿ ಮಾಡುವುದಕ್ಕೆ ಯಾವ ಯೋಜನೆಯೂ ಬೇಕಾಗಿರಲಿಲ್ಲ, ಗದ್ದೆ ಇದ್ದವರು ಮನೆಗೊಬ್ಬರಂತೆ ಹಾರೆ ಹಿಡಿದು ಬರುತ್ತಿದ್ದರು. ಮಳೆ ಬಿಟ್ಟ ಮೇಲೆ ತೋಡಿಗೆ ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತಿದ್ದರು. ಈಗ ಕೊಳಕೆ ಬಿಡಿ, ಏಣೇಲು ಬೆಳೆಯುವುದೇ ಕಷ್ಟ. ನೇಜಿ (ಭತ್ತದ ಸಸಿ) ನೆಡಲು ಜನ ಇಲ್ಲ. ನೆಟ್ಟದ್ದನ್ನು ನವಿಲು, ಹಂದಿ ಬಿಡುವುದಿಲ್ಲ. ಕಟಾವಿನ ಹೊತ್ತಿಗೆ ಮಳೆ. ಮೊದಲು ನವರಾತ್ರಿ ಹೊತ್ತಿಗೆ ಮಳೆಯ ಅಂದಾಜು ಸಿಗುತ್ತಿತ್ತು, ಈಗ ಯಾವುದೂ ಹೇಳಲಿಕ್ಕಾಗುವುದಿಲ್ಲ.

ಎರಡು ಎಕರೆ ಗದ್ದೆಯಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ ಎಷ್ಟಾಯಿತು? ಮೇಲೆ ಶಿಲೆಕಲ್ಲು ಅವರು ಹಾಕಿದ ಲೆಕ್ಕದ ಪ್ರಕಾರವೇ ಎಂಟು ಲಕ್ಷ ಲೀಟರ್. ಅದು ನಿಧಾನಕ್ಕೆ ಇಂಗಿ ಸುತ್ತಲಿನವರ ಬಾವಿಗೆ ಹೋಗುತ್ತದೆ. ಅದಕ್ಕೆ ನನಗೆ ಯಾರೂ ಒಂದು ರೂಪಾಯಿ ಕೊಡುವುದಿಲ್ಲ. ಆದರೆ ನಾನು ಮಗಳ ಮದುವೆಗೆ ಅಂತ ಹತ್ತು ಸೆಂಟ್ಸ್ ಮಾರಲು ಹೊರಟರೆ ಮಾತ್ರ ಎಲ್ಲರಿಗೂ ಪರಿಸರ ನೆನಪಾಗುತ್ತದೆ. ಕೆರೆಯ ಸುತ್ತ ಮೂವತ್ತು ಮೀಟರ್ ಕಟ್ಟಬಾರದು ಅಂದರೆ ಆ ಮೂವತ್ತು ಮೀಟರ್ ಯಾರದ್ದು? ಪೇಟೆಯಲ್ಲಿ ಫ್ಲ್ಯಾಟ್ ತೆಗೆದುಕೊಂಡವರದ್ದಂತೂ ಅಲ್ಲ.

ಕೆರೆ ಉಳಿಸಬೇಡಿ ಅಂತ ಹೇಳುತ್ತಿಲ್ಲ. ಮೀಟಿಂಗ್‌ಗೆ ನಮ್ಮನ್ನೂ ಕರೆಯಿರಿ. ಕೋಡಿ ಎಷ್ಟು ಎತ್ತರ ಇರಬೇಕು ಅಂತ ನಮಗೆ ಗೊತ್ತು. ಹೋದ ಸಲ ಒಂದು ಕಡೆ ಇಂಥದ್ದೇ ಕೆಲಸ ಮಾಡುವಾಗ ವಾಕಿಂಗ್ ದಾರಿ ಒದ್ದೆ ಆಗಬಾರದು ಅಂತ ಕೋಡಿಯನ್ನೇ ತಗ್ಗಿಸಿಬಿಟ್ಟರು. ಡಿಸೆಂಬರ್‌ಗೆ ಕೆರೆಯಲ್ಲಿ ಇರಬೇಕಾದ ನೀರು ಸೆಪ್ಟೆಂಬರ್‌ನಲ್ಲೇ ಹರಿದು ಹೋಯಿತು.

ಕೆರೆಬದಿಮನೆ

ಬೈಲುಗದ್ದೆ ಅಣ್ಣ, ಕೋಡಿಯ ವಿಷಯ ಹೇಳಿದ್ದು ಒಳ್ಳೆಯದಾಯಿತು. ನಮ್ಮ ಡ್ರಾಯಿಂಗ್‌ನಲ್ಲಿ ಏನುಂಟು ಅಂತ ಕೇಳುತ್ತೇನೆ. ನಮ್ಮಲ್ಲೂ ಕೆರೆಯ ಕೆಳಗೆ ಮೂರು ಮನೆಯವರ ಗದ್ದೆ ಉಂಟು, ಎರಡು ಬೇಸಾಯ ಇಲ್ಲದೆ ಹಡಿಲು ಬಿದ್ದಿದೆ. ಅವರನ್ನು ಇದುವರೆಗೆ ಯಾರೂ ಕೇಳಿಲ್ಲ.

ಇನ್ನೊಂದು, ಮೇ ತಿಂಗಳಲ್ಲಿ ಒಂದು ರಾತ್ರಿ ಜೋರು ಮಳೆ ಬಂದು, ಬೆಳಿಗ್ಗೆ ನೋಡುವಾಗ ಮೀನೆಲ್ಲ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಯಾರೋ ವಿಷ ಹಾಕಿದ್ದಾರೆ ಅಂತ ಊರಿಡೀ ಸುದ್ದಿ. ಅದು ಹಾಗೂ ಆಗುತ್ತದಾ?

ಹುಂಡುಕೋಳಿ_ಕುಡ್ಲ

ವಿಷವೇ ಆಗಬೇಕಿಲ್ಲ. ಬೇಸಿಗೆಯ ಕೊನೆಗೆ ಕೆರೆಯಲ್ಲಿ ನೀರು ಕಡಿಮೆ, ಇರುವುದೂ ಬಿಸಿ. ನೀರು ಬಿಸಿಯಾದಷ್ಟು ಅದರಲ್ಲಿ ಆಮ್ಲಜನಕ ಹಿಡಿಯುವುದು ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಅದು ಶುದ್ಧ ನೀರಿನ ಲೆಕ್ಕ. ಬಚ್ಚಲು ನೀರು, ಶೌಚದ ಪಿಟ್ ಉಕ್ಕಿದ್ದು, ತೋಟದ ಗೊಬ್ಬರ ಎಲ್ಲ ಸೇರಿ ಪಾಚಿ ಬೆಳೆದಿದ್ದರೆ ಹಗಲು ಪಾಚಿಯೇ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೇ ತಿಂದುಹಾಕುತ್ತದೆ. ಬೆಳಗಿನ ಜಾವಕ್ಕೆ ಆಮ್ಲಜನಕ ತೀರಾ ಕಡಿಮೆಯಾಗಿರುತ್ತದೆ. ಅಂಥ ಹೊತ್ತಿಗೆ ಮೊದಲ ದೊಡ್ಡ ಮಳೆ ಬಂದು ಚರಂಡಿಯ ಕೊಳೆ ಪೂರ್ತಿ ತೊಳೆದು ತಂದು ಹಾಕಿ, ತಳದ ಕೆಸರನ್ನೂ ಕದಡಿದರೆ ಮೀನು ಉಳಿಯುವುದಿಲ್ಲ. ಮೀನು, ಕಾಡುಪ್ರಾಣಿಗಳಿಗೆ ಅಂತ ಮಾಲಿನ್ಯ ನಿಯಂತ್ರಣ ಮಂಡಳಿಯವರು ಇಟ್ಟುಕೊಂಡ ಮಟ್ಟ ಕನಿಷ್ಠ 4 ಮಿಲಿಗ್ರಾಂ. ಮುಂದಿನ ಸಲ ಹೀಗಾದರೆ ಬೆಳಕು ಹರಿಯುವ ಮುಂಚೆಯೇ ನೀರಿನ ಸ್ಯಾಂಪಲ್ ತೆಗೆಸಬೇಕು. ಮಧ್ಯಾಹ್ನ ಬಂದು ತೆಗೆದರೆ ಎಲ್ಲ ಸರಿ ಇದೆ ಅಂತಲೇ ರಿಪೋರ್ಟ್ ಬರುತ್ತದೆ.

ಕಾರಂಜಿ ಇಟ್ಟರೆ ಆಮ್ಲಜನಕ ಸಿಗುತ್ತದೆ ಅಂತ ಕೆಲವರು ಹೇಳುತ್ತಾರೆ. ಸ್ವಲ್ಪ ಸಿಗುತ್ತದೆ, ಸುಳ್ಳಲ್ಲ. ಆದರೆ ಕಾರಂಜಿ ಹಾಕುವುದು ಸಂಜೆ ಜನ ಬರುವಾಗ. ಮೀನಿಗೆ ಬೇಕಾಗಿರುವುದು ಬೆಳಗಿನ ಜಾವ ನಾಲ್ಕು ಗಂಟೆಗೆ. ಆಗ ಸ್ವಿಚ್ ಹಾಕುವವರು ಯಾರು?

ನೇರ ಗೋಡೆ ಕಟ್ಟಿದರೆ ಹಕ್ಕಿಗಳ ಕಥೆಯೂ ಮುಗಿಯಿತು. ನೀರಿನ ಬದಿಯ ಹುಂಡುಕೋಳಿಗೆ ಅಂಚಿನ ಪೊದೆ ಬೇಕು, ಬೆಳ್ಳಕ್ಕಿಗೆ ಮೊಣಕಾಲು ಮಟ್ಟದ ನೀರು ಬೇಕು. ಆಮೆ ನೀರಿನಿಂದ ಮೇಲೆ ಬಂದು ಮಣ್ಣಿನಲ್ಲಿ ಮೊಟ್ಟೆ ಇಡಬೇಕು, ಆರು ಅಡಿ ಕಾಂಕ್ರೀಟ್ ಹತ್ತುವುದು ಹೇಗೆ? ನಮ್ಮ ಮಂಗಳೂರಲ್ಲಿ ಹಾಗೆ ಚಂದ ಮಾಡಿದ ಕೆರೆಯೊಂದನ್ನು ಹತ್ತಿರದಿಂದ ನೋಡಿದ್ದೇನೆ. ನೀರುಕಾಗೆ ಬಂದು ಕಬ್ಬಿಣದ ರೇಲಿಂಗಿನ ಮೇಲೆ ರೆಕ್ಕೆ ಬಿಚ್ಚಿ ಕೂರುತ್ತದೆ, ಅದರ ಕೆಳಗೆ ಸೆಲ್ಫಿ ತೆಗೆಯುತ್ತಾರೆ. ಬೇರೆ ಹಕ್ಕಿ ಇಲ್ಲ.

ಹವಾಮಾನದ ಬಗ್ಗೆ ಒಂದು ಮಾತು, ಯಾಕೆಂದರೆ 'ಮಳೆ ಅಷ್ಟೇ ಬರುತ್ತದಲ್ಲ, ಕೆರೆಗೇನಾಗುತ್ತದೆ' ಅಂತ ಕೇಳುವವರು ಜಾಸ್ತಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ತೇವ ಹಿಡಿದುಕೊಳ್ಳುತ್ತದೆ. ನಮ್ಮ ಎದುರಿನ ಅರಬ್ಬಿ ಸಮುದ್ರವೂ ಬಿಸಿಯಾಗುತ್ತಿದೆ. ಅದಕ್ಕೇ ಬಂದರೆ ಒಟ್ಟಿಗೆ ಬರುವುದು. 2018ರ ಮೇ 29ಕ್ಕೆ ಮಂಗಳೂರು ಮುಳುಗಿದ್ದು, 2020ರ ಸೆಪ್ಟೆಂಬರ್ 20ಕ್ಕೆ ಉಡುಪಿಯ ನೆರೆ, 2021ರ ಮೇಯಲ್ಲಿ ತೌಕ್ತೆ ಚಂಡಮಾರುತ, ಇದೆಲ್ಲ ನೆನಪಿರಬಹುದು. ಹಾಗಂತ ನೀರು ಉಳಿಯಿತಾ? 2019ರ ಬೇಸಿಗೆಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ಬತ್ತಿ ಉಡುಪಿಯಲ್ಲಿ ಟ್ಯಾಂಕರ್ ಓಡಿತು. 2023ರಲ್ಲಿ ಮುಂಗಾರು ತಡವಾಗಿ ಮಂಗಳೂರಿನವರು ತುಂಬೆ ಅಣೆಕಟ್ಟಿನ ಮಟ್ಟವನ್ನು ಪೇಪರಿನಲ್ಲಿ ದಿನಾ ನೋಡುತ್ತಿದ್ದರು. ವರ್ಷಕ್ಕೆ ಹೆಚ್ಚುಕಡಿಮೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿನ ಅವಸ್ಥೆ ಇದು. ನೀರು ನಿಲ್ಲಿಸುವ ಜಾಗಗಳನ್ನು ನಾವೇ ಸಣ್ಣ ಮಾಡುತ್ತಿದ್ದೇವೆ, ಮಳೆ ಮಾತ್ರ ದೊಡ್ಡ ದೊಡ್ಡ ಹೊಡೆತವಾಗಿ ಬರುತ್ತಿದೆ.

ಗುಡ್ಡೆಯ ಮೇಲೆ ಇಟ್ಟದ್ದು ಕೆಳಗೆ ಬರುತ್ತದೆ ಅನ್ನುವುದಕ್ಕೆ 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಕೆಳಗಿನ ಮಂದಾರಕ್ಕೆ ಜಾರಿದ್ದೇ ಸಾಕ್ಷಿ. ನಿಮ್ಮದು ಮಣ್ಣು, ಅಷ್ಟೇ ವ್ಯತ್ಯಾಸ.

ಪರಂಬೋಕು

ದೂರದ ಬಗ್ಗೆ ಕೇಳಿದ್ದಿರಿ. ಜನ 75 ಮೀಟರ್ ಅನ್ನುತ್ತಾರೆ. ಅದು ಹಸಿರು ನ್ಯಾಯಮಂಡಳಿ 2016ರಲ್ಲಿ ಬೆಂಗಳೂರಿನ ಕೆರೆಗಳಿಗೆ ಹೇಳಿದ್ದು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಉಳಿದದ್ದು 30 ಮೀಟರ್. ಕೆರೆಯ ವಿಸ್ತೀರ್ಣ ನೋಡಿ ಅದನ್ನೂ ಕಡಿಮೆ ಮಾಡುವ ತಿದ್ದುಪಡಿ ಮಸೂದೆಗೆ 2025ರ ಆಗಸ್ಟ್‌ನಲ್ಲಿ ವಿಧಾನಮಂಡಲದಲ್ಲಿ ಒಪ್ಪಿಗೆ ಸಿಕ್ಕಿತು. ಸಣ್ಣ ಕೆರೆಗೆ ಸಣ್ಣ ಬಫರ್ (ಕಟ್ಟಬಾರದ ಜಾಗ) ಅನ್ನುವುದು ಅದರ ಲೆಕ್ಕ. ನಮ್ಮ ಕರಾವಳಿಯಲ್ಲಿ ಇರುವುದೆಲ್ಲ ಸಣ್ಣ ಕೆರೆಯೇ, ಹಾಗಾಗಿ ಬಫರ್ ಒಂದನ್ನೇ ನಂಬಿ ಕೂರಬೇಡಿ.

ಜೌಗು ಪ್ರದೇಶದ ಕಾನೂನೂ ಅಷ್ಟಕ್ಕಷ್ಟೇ. ಸುಪ್ರೀಂ ಕೋರ್ಟ್ 2017ರಲ್ಲಿ ದೇಶದ 2,01,503 ಜೌಗು ಪ್ರದೇಶಗಳನ್ನು ಕಾಪಾಡಲು ಹೇಳಿತ್ತು. ಆದರೆ ಆ ಪಟ್ಟಿಗೆ ಸೇರಿದ್ದು 2.25 ಹೆಕ್ಟೇರ್ ಮೀರಿದವು ಮಾತ್ರ, ಅಂದರೆ ಐದೂವರೆ ಎಕರೆಗಿಂತ ದೊಡ್ಡದು. ನಿಮ್ಮ ಮೂರು ಎಕರೆ ಅದರಲ್ಲಿ ಬರುವುದಿಲ್ಲ. 2017ರ ನಿಯಮದಲ್ಲಿ ಭತ್ತದ ಗದ್ದೆಯನ್ನೂ ಹೊರಗೆ ಇಟ್ಟಿದ್ದಾರೆ, ಬೈಲುಗದ್ದೆಯವರ ಸಿಟ್ಟಿಗೆ ಇನ್ನೊಂದು ಕಾರಣ. ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಉಬ್ಬರ ಇಳಿತ ಇಲ್ಲದ ಕೆರೆಗೆ ಅದು ಬರುವುದಿಲ್ಲ.

ನಿಮ್ಮ ಕೈಯಲ್ಲಿ ಇರುವ ಗಟ್ಟಿ ಕಾಗದ ಬೇರೆ. ಊರಿನ ಕೆರೆ, ಸಾರ್ವಜನಿಕ ಜಾಗದ ಒತ್ತುವರಿ ಬಿಡಿಸಿ ಅಂತ 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಅದಕ್ಕೆ ಎಕರೆಯ ಲೆಕ್ಕ ಇಲ್ಲ. ಅರ್ಜಿಯಲ್ಲಿ ಇದನ್ನು ಕಾಣಿಸಿ. ಅರ್ಜಿಯನ್ನು ತಹಶೀಲ್ದಾರರಿಗೆ ಕೊಡಿ, ಪ್ರತಿಯನ್ನು ಜಿಲ್ಲಾಧಿಕಾರಿಗೆ ಕಳಿಸಿ. ಜಿಲ್ಲಾ ಮಟ್ಟದ ಕೆರೆ ಸಮಿತಿಗೆ ಅವರೇ ಅಧ್ಯಕ್ಷರು. ಎಲ್ಲದಕ್ಕೂ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಅರ್ಜಿಯಲ್ಲಿ 'ಅಭಿವೃದ್ಧಿ ನಿಲ್ಲಿಸಿ' ಅಂತ ಬರೆದರೆ ನೀವು ಸೋತಿರಿ. 'ಮೊದಲು ಸರ್ವೆ ಮಾಡಿ ಗಡಿ ಕಲ್ಲು ಹಾಕಿ, ಆಮೇಲೆ ಕಾಮಗಾರಿ ಮಾಡಿ' ಅಂತ ಬರೆಯಿರಿ. ಇದಕ್ಕೆ ಪಂಚಾಯತ್‌ನ ಯಾವ ಮೆಂಬರೂ ಬೇಡ ಅನ್ನಲಾರ. ಸರ್ವೆ ಆಗದೆ ಗೋಡೆ ಎದ್ದರೆ ಆ ಗೋಡೆಯೇ ಕೆರೆಯ ಗಡಿ ಆಗಿಬಿಡುತ್ತದೆ, ಹೊರಗೆ ಉಳಿದದ್ದು ಯಾರ್ಯಾರದ್ದೋ ಪಾಲು. ಗೋಡೆಗೆ ಅವಸರ ಮಾಡುವವರಲ್ಲಿ ಕೆಲವರ ಲೆಕ್ಕ ಇದೇ ಇರುತ್ತದೆ, ಎಲ್ಲರದ್ದೂ ಅಂತ ಹೇಳುತ್ತಿಲ್ಲ.

ಕೊನೆಯ ದಾರಿ ಚೆನ್ನೈಯಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ. ವಿವಾದ ಶುರುವಾದ ಆರು ತಿಂಗಳ ಒಳಗೆ ಹೋಗಬೇಕು. ಅಲ್ಲಿಯವರೆಗೆ ಹೋಗುವ ಮುಂಚೆ ಇಲ್ಲಿಯ ಅರ್ಜಿಗಳೆಲ್ಲ ಫೈಲಿನಲ್ಲಿ ಇರಲಿ.

ವಾಕಿಂಗ್‌ಪಾರ್ಟಿ

ಕೋಡಿ ತಗ್ಗಿಸುವ ವಿಷಯ ನನಗೆ ಗೊತ್ತೇ ಇರಲಿಲ್ಲ. ದಾರಿ ಇರಲಿ, ಒಂದು ಬದಿಗೆ ಮಾತ್ರ ಇರಲಿ, ಮಣ್ಣಿನ ದಾರಿ ಆದರೂ ನಮಗೆ ಸಾಕು. ಇಂಟರ್‌ಲಾಕ್ ಮೇಲೆ ಮಳೆಗಾಲದಲ್ಲಿ ಪಾಚಿ ಹಿಡಿದು ಹೇಗೂ ಜಾರುತ್ತದೆ.

ಶಿಲೆಕಲ್ಲು

ಬಾವಿಗೂ ಒಂದು ಮಾತು. ಕೆರೆ ಸರಿಯಾಗುವವರೆಗೆ ಕಾಯಬೇಡಿ ಅಕ್ಕ. ಸಾವಿರ ಚದರಡಿ ಮಾಡಿನ ಮೇಲೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬಿದ್ದರೆ ಮೂರುಮುಕ್ಕಾಲು ಲಕ್ಷ ಲೀಟರ್ ಹತ್ತಿರ. ಮೊದಲ ನಾಲ್ಕು ಮಳೆ ಬಿಟ್ಟು, ಜಲ್ಲಿ, ಮರಳು, ಇದ್ದಿಲು ಹಾಕಿದ ಡ್ರಮ್ಮಿನ ಮೂಲಕ ಬಾವಿಗೆ ಬಿಡಿ. ಕೆಂಪುಕಲ್ಲಿನ ನೆಲ, ಇಳಿದ ನೀರು ಅಲ್ಲೇ ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ನಿಮ್ಮದೊಂದೇ ಮನೆ ಮಾಡಿದರೆ ಜಾಸ್ತಿ ಗೊತ್ತಾಗಲಿಕ್ಕಿಲ್ಲ. ಲೇಔಟಿನ ಮನೆಗಳೆಲ್ಲ ಮೇಲೆ ಮಾಡಿದರೆ ಕೆಳಗೆ ನಿಮಗೆ ಗೊತ್ತಾಗುತ್ತದೆ. ಅಲ್ಲಿ ಇನ್ನೂ ಮನೆ ಎದ್ದಿಲ್ಲ ಅಂದರೆ ಈಗಲೇ ಪಂಚಾಯತ್‌ನಲ್ಲಿ ಆ ಷರತ್ತು ಕೇಳಿ. ಹಾಗೇ ಇಳಿಜಾರಿಗೆ ದೂಡಿದ ಮಣ್ಣಿಗೆ ಬುಡದಲ್ಲಿ ಕಲ್ಲಿನ ತಡೆ ಹಾಕಿಸಿ, ಮೇಲೆ ಹುಲ್ಲು ಹಿಡಿಸಲು ಹೇಳಿ. ಮುಂದಿನ ಜೂನ್ ಒಳಗೆ ಆಗದಿದ್ದರೆ ಉಳಿದದ್ದೂ ಕೆರೆಗೇ.

ಕೆರೆಬದಿಮನೆ

ತುಂಬಾ ಉಪಕಾರ ಆಯಿತು. ದಿಶಾಂಕ್‌ನಲ್ಲಿ ಈಗಷ್ಟೇ ನೋಡಿದೆ. ಕೆರೆ ಸರ್ಕಾರಿ ಅಂತಲೇ ತೋರಿಸುತ್ತದೆ. ಪೈಪ್ ಇರುವ ಜಾಗ ಮಾತ್ರ ಎರಡು ಸರ್ವೆ ನಂಬ್ರದ ಗಡಿಯಲ್ಲಿ ಬರುತ್ತದೆ, ತೋಡಿಗೆ ಬೇರೆ ನಂಬ್ರವೇ ಕಾಣುವುದಿಲ್ಲ. ಹಾಗಿದ್ದರೆ ಏನರ್ಥ? ಎಫ್‌ಎಂಬಿಗೆ ನಾಳೆಯೇ ಅರ್ಜಿ ಕೊಡುತ್ತೇನೆ. ಕೆಳಗಿನ ಗದ್ದೆಯವರಲ್ಲಿ ಒಬ್ಬರು ಸಹಿ ಹಾಕುತ್ತೇನೆ ಅಂದಿದ್ದಾರೆ, ಅಂಗಳಕ್ಕೆ ನೀರು ನುಗ್ಗಿದ ಮನೆಯವರು ಕೇಳುವ ಮುಂಚೆಯೇ ಒಪ್ಪಿದರು.

ಪರಂಬೋಕು

ಬೇರೆ ನಂಬ್ರ ಇಲ್ಲದಿದ್ದರೆ ಎರಡು ಸಾಧ್ಯತೆ. ಒಂದೋ ತೋಡು ಯಾವುದೋ ಒಂದು ನಂಬ್ರದ ಒಳಗೆ ಉಪವಿಭಾಗ ಆಗಿರುತ್ತದೆ, ಎಫ್‌ಎಂಬಿಯಲ್ಲಿ ಕಾಣುತ್ತದೆ. ಇಲ್ಲದಿದ್ದರೆ ವರ್ಗ ಜಾಗದೊಳಗೇ ಹರಿಯುವ ತೋಡು. ಆಗ ಒತ್ತುವರಿ ಅಂತ ಹೇಳಲಾಗುವುದಿಲ್ಲ, ನೀರಿನ ಸಹಜ ಹರಿವಿಗೆ ಅಡ್ಡಿ ಮಾಡಿದ್ದಾರೆ ಅಂತ ಬರೆಯಬೇಕು. ಅರ್ಜಿಯ ಮಾತೇ ಬದಲಾಗುತ್ತದೆ, ಹಾಗಾಗಿ ನಕ್ಷೆ ಬರುವವರೆಗೆ ಕಳಿಸಬೇಡಿ. ಅಷ್ಟರೊಳಗೆ ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ತೆಗೆದು, ಪದವು ಇದ್ದದ್ದು, ತೋಡು ಕಾಣುವುದು, ಲೇಔಟ್ ಆದ ಮೇಲಿನದ್ದು, ಮೂರನ್ನೂ ಪ್ರಿಂಟ್ ಮಾಡಿಸಿಡಿ. ಅಂಗಳಕ್ಕೆ ನೀರು ನುಗ್ಗಿದ ದಿನದ ವಿಡಿಯೋ ಆ ಮನೆಯವರ ಫೋನಿನಲ್ಲಿ ಇದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಬೇಡ, ಫೋನಿನಿಂದ ನೇರ ಕಾಪಿ ಮಾಡಿಕೊಳ್ಳಿ. ತಾರೀಕು, ಜಾಗ ಎಲ್ಲ ಅದರಲ್ಲೇ ಉಳಿಯುತ್ತದೆ.